ನೂರು ಪದ ಮೀರದಂತೆ

ಫಲಕ ಕೊರಿಯರಿನಲ್ಲಿ ಬಂತು, ಮಂಗಳವಾರ.
ಸಹಿ ಹಾಕಿ ಬಿಚ್ಚಿದೆ. ಥರ್ಮಾಕೋಲಿನ ಬಿಳಿ ಕಾಳು
ಟೇಬಲ್ ತುಂಬ, ಫೈಲಿನೊಳಗೆ, ನನ್ನ ಮುಂಗೈಯ ರೋಮಕ್ಕೆ.
'ಬಾಳಲು ಹಿತವಾದ ಸಣ್ಣ ನಗರ. ದ್ವಿತೀಯ ಸ್ಥಾನ.'
ಕೆಳಗೆ ಊರಿನ ಹೆಸರು, ಮೊದಲ ದೀರ್ಘ ಬಿಟ್ಟುಹೋಗಿ
ಕರವಾರ.
'ವಸೂಲಿಗೆ ಒಳ್ಳೆಯ ವಾರ' ಎಂದರು ಕಂದಾಯ ಶಾಖೆಯ ಬಾಂದೇಕರ್.
ನಗುವವರು ನಕ್ಕರು.

ಅರ್ಜಿ ತುಂಬಿದವಳು ನಾನು.
ಮಾರ್ಚ್ ಕೊನೆ, ಮೂರು ದಿನದ ಗಡುವು, ಕೆಟ್ಟ ಫ್ಯಾನು.
ತಲೆಗೆ ಎಷ್ಟು ಚದರ ಮೀಟರ್ ಹಸಿರು? ಬರೆದೆ.
ನೂರು ಮನೆಗೆ ಎಷ್ಟು ಬೀದಿದೀಪ? ಫೋನು ಮಾಡಿ ಕೇಳಿ ಬರೆದೆ.
ಹದಿನಾಲ್ಕನೆಯ ಕಾಲಮ್ಮು:
'ಸಮುದಾಯದ ಸಹಭಾಗಿತ್ವ. ನೂರು ಪದ ಮೀರದಂತೆ.'
ಅಲ್ಲಿ ಪೆನ್ನು ನಿಂತಿತು.

ನಾಲೆ ಕಡಲಿಗೆ ಬೀಳುವಲ್ಲಿ ಒಂದು ಬಲೆ ಇದೆ.
ಯಾವ ಯೋಜನೆಯದೂ ಅಲ್ಲ.
ಬೈತಖೋಲದ ವಿಠೋಬ ತಾಂಡೇಲ ಸಿಟ್ಟಿನಲ್ಲಿ ಕಟ್ಟಿದ್ದು,
ಆ ವರ್ಷ ಅವನ ಏಂಡಿ ಬಲೆಗೆ
ಬಂಗಡೆಗಿಂತ ಗುಟ್ಕಾ ಚೀಟಿ ಹೆಚ್ಚು ಬಿದ್ದಿತ್ತು.
ಹರಿದ ಬಲೆ, ಎರಡು ಬಿದಿರು, ಕೊಂಕಣಿಯಲ್ಲಿ ಒಂದು ಗಂಟೆಯ ಬೈಗುಳ.
ಊರು ಸೇತುವೆ ಮೇಲೆ ನಿಂತು ನೋಡಿತು:
ಇಸ್ವಾಣ ಬಿತ್ತೇನೋ ವಿಠೋಬಾ?

ಮೂರನೆಯ ಇಳಿತಕ್ಕೆ ಬಿದಿರು ಬಾಗಿತು.
ಒಬ್ಬನಿಂದ ಎಳೆಯಲಾಗಲಿಲ್ಲ.
ಅವನಿಗಿಂತ ಜೋರಾಗಿ ಬೈಯುತ್ತ ಹಗ್ಗಕ್ಕೆ ಕೈ ಕೊಟ್ಟಳು
ಶೇವಂತಿ ದುರ್ಗೇಕರ್.
ನೌಕಾನೆಲೆಗೆಂದು ಊರು ಬಿಟ್ಟುಕೊಟ್ಟು
ಕಾಲೋನಿಯ ನಂಬರು ಮನೆಗೆ ಬಂದವಳು.
'ಒಂದು ದಂಡೆ ಹೋಯ್ತು, ಇದೂ ಹೋದರೆ
ಎಲ್ಲಿ ಕೂತು ಮೀನು ಒಣಗಿಸಲಿ?'

ಈಗ ಭಾನುವಾರ ಸಂತೆ ಮುಗಿದ ಮೇಲೆ
ಇಳಿತ ಎಷ್ಟು ಹೊತ್ತಿಗೋ ಅಷ್ಟು ಹೊತ್ತಿಗೆ
ಹತ್ತೋ ಹದಿನೈದೋ ಜನ.
ದೋಣಿ ರಿಪೇರಿಯ ಇಸ್ಮಾಯಿಲ್ ಮುಕಾದಮ್,
ಬಸಳೆ ಮಾರಿ ಉಳಿದ ಬಾಳೆಪಟ್ಟೆಯಲ್ಲಿ
ಚೀಲದ ಬಾಯಿ ಬಿಗಿಯುವ ಹಾಲಕ್ಕಿಯ ಬೊಮ್ಮಿ,
ನೇವಿ ಕ್ವಾರ್ಟರ್ಸಿನ ಒಡಿಶಾದ ಹುಡುಗ.
ಅವನಿಗೆ ಬರುವ ಕನ್ನಡ ಒಂದೇ ಪದ, 'ಎಳಿ'.
ಶೇವಂತಿಯ ಹಿಂದೆಯೇ ಹಗ್ಗ ಹಿಡಿಯುತ್ತಾನೆ.
ಅವಳು ಅವನ ಸಮವಸ್ತ್ರದ ಬಗ್ಗೆ ಏನನ್ನೂ ಕೇಳಿಲ್ಲ,
ಅವನು ಅವಳ ಊರಿನ ಬಗ್ಗೆ.

ಇದನ್ನು ಬರೆಯುವುದು ಹೇಗೆ?
ಸಿಟ್ಟು ಇದ್ದಲ್ಲಿ 'ಕಾಳಜಿ' ಎಂದೆ.
ಬೈಗುಳ 'ಜನಜಾಗೃತಿ'ಯಾಯಿತು.
ಬಾಳೆಪಟ್ಟೆಗೆ 'ಸ್ಥಳೀಯ ಸಂಪನ್ಮೂಲಗಳ ಬಳಕೆ'.
ಎಣಿಸಿದೆ: ತೊಂಬತ್ತೇಳು.
ಮೂರು ಪದ ಉಳಿದವು, ಗಮನಕ್ಕೆ ಬಂತು, ಬಿಟ್ಟೆ.

ಫಲಕ ತೂಗುಹಾಕಲು ವಿಠೋಬನನ್ನೂ ಕರೆದರು.
ಶಾಲನ್ನು ಹಾಗೇ ಕಂಕುಳಿಗೆ ಸೇರಿಸಿ
ಬೆರಳಿನಿಂದ ಮೊಳೆ ಮುಟ್ಟಿ ನೋಡಿದ:
'ಉಪ್ಪುಗಾಳಿಗೆ ಇದು ನಿಲ್ಲೋದಿಲ್ಲ. ಹಿತ್ತಾಳೆ ಸ್ಕ್ರೂ ಹಾಕಿ.'

ಕಸದ ಗಾಡಿಯ ಹುಲಿಗೆವ್ವ ಬಾಗಿಲಲ್ಲೇ ನಿಂತಿದ್ದಳು,
ಕೊಪ್ಪಳದ ಕಡೆಯವಳು, ಬಲೆಯ ಚೀಲಗಳನ್ನೆಲ್ಲ ಹೊರುವವಳು.
'ಎರಡನೇ ನಂಬರಾ? ಹಂಗಾರ ಒಂದನೇದು ಯಾವೂರ್ರೀ ಅಕ್ಕಾರ?
ಅಲ್ಲಿ ಪಗಾರ ಒಂದನೇ ತಾರೀಕಿಗೆ ಆಕ್ಕೈತೇನು?'

ಯಾರೋ ಕೆಮ್ಮಿದರು. ಚಹಾ ಬಂತು.
ಪಗಾರ ಇನ್ನೂ ಬಾಕಿ.
ಎಣಿಸಿದೆ, ಸರಿಯಾಗಿ ಮೂರು.

ಭಾನುವಾರ ಐದೂ ಕಾಲಿಗೆ ಇಳಿತ.
ಹನ್ನೊಂದು ವರ್ಷದ ನೌಕರಿಯಲ್ಲಿ ಮೊದಲ ಸಲ
ಚಪ್ಪಲಿ ಸೇತುವೆಯಲ್ಲಿ ಬಿಟ್ಟು ಇಳಿದೆ.
ಕೆಸರು ಬೆಚ್ಚಗಿತ್ತು. ಹಗ್ಗ ಅಂಗೈ ತರಚಿತು.
ಬಲೆ ಮೇಲೆ ಬಂತು, ನೀರು ಸೋರುತ್ತ,
ಅದರ ಕಣ್ಣುಕಣ್ಣಿಗೂ ಸಿಕ್ಕಿಕೊಂಡು
ಬಿಳಿ ಕಾಳು, ಬಿಳಿ ಕಾಳು.

ಮಂಗಳವಾರ ಆಫೀಸಿನ ಕಿಟಕಿ ತೆರೆದೇ ಇತ್ತು.

'ಯಾವ ಹಲ್ಕಟ್ ಎಸೆದದ್ದು ಇದು?' ಎಂದ ವಿಠೋಬ,
ಮುಂದಿನದನ್ನು ಕೊಂಕಣಿಯಲ್ಲಿ.
ನನಗೆ ಕೊಂಕಣಿ ಬರುತ್ತದೆ.
ತಲೆ ತಗ್ಗಿಸಿ ಒಂದೊಂದೇ ಕಾಳು ಬಿಡಿಸತೊಡಗಿದೆ.